ನಲವತ್ತೊಂದು ಹೆಬ್ಬೆಟ್ಟು

ಕಾಬುಯಾದಲ್ಲಿ ಮಡಕೆ ಮಾಡುವ ಹೆಂಗಸರು ಮಣ್ಣು ತರಲು ಹೋಗುವುದು ಮಂಗಳವಾರ ಮಾತ್ರ. ಆ ಮಂಗಳವಾರವೂ ಬುಟ್ಟಿ, ಗುದ್ದಲಿ ಹಿಡಿದು ಹನ್ನೊಂದು ಜನ ಹೊಳೆಯ ದಂಡೆಗೆ ಇಳಿದರು. ಅಲ್ಲಿ ತಲೆಗೆ ಕೆಂಪು ಬಣ್ಣ ಬಳಿದ ಗೂಟಗಳು ಸಾಲಾಗಿ ನಿಂತಿದ್ದವು. ನಡುವೆ ಒಂದು ಫಲಕ. ಫಲಕದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಕಾವಲುಗಾರ ಬೇಯಿಸಿದ ಗೆಣಸು ತಿನ್ನುತ್ತಿದ್ದ.

ಆ ಹೆಂಗಸರಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ಅಗೋಲಾ ಒಬ್ಬಳಿಗೇ. ಏಳನೇ ತರಗತಿಯವರೆಗೆ ಕಲಿತವಳು. ಬುಟ್ಟಿ ಇಳಿಸಿ ಫಲಕದ ಮುಂದೆ ನಿಂತು ನಿಧಾನವಾಗಿ ಓದಿದಳು. ಹೆಂಚಿನ ಕಾರ್ಖಾನೆ ಬರುತ್ತದೆ. ದಂಡೆಯ ಮಣ್ಣೆಲ್ಲ ಕಾರ್ಖಾನೆಗೆ. ಪರಿಸರದ ಪರವಾನಗಿ ಸಿಕ್ಕಿದೆ.

"ಯಾರನ್ನ ಕೇಳಿ ಕೊಟ್ರಂತೆ?" ಅಂದಳು ಅಪೊಂಡಿ. ಗುಂಪಿನಲ್ಲಿ ಹಿರಿಯಳು ಅವಳೇ. ಬಾಯಲ್ಲಿ ಹಲ್ಲು ನಾಲ್ಕೇ ಉಳಿದಿದ್ದರೂ ನಾಲಿಗೆ ಮಾತ್ರ ಮೊಂಡಾಗಿರಲಿಲ್ಲ.

"ನಿಮ್ಮನ್ನೇ ಕೇಳಿದಾರಂತೆ," ಅಂದ ಕಾವಲುಗಾರ. "ನಿಮ್ಮೂರಲ್ಲೇ ಸಭೆ ಆಗಿ, ಎಲ್ಲರೂ ಒಪ್ಪಿ ಹೆಬ್ಬೆಟ್ಟು ಒತ್ತಿದೀರಂತೆ. ನನ್ನ ಬೈಬೇಡಿ ತಾಯೀ, ನಾನು ಬರೀ ಗೂಟ ಕಾಯೋನು."

"ಗೂಟಕ್ಕೇನು ಕಾಲಿದ್ಯಾ ಮಗನೇ, ಎದ್ದು ಓಡಿಹೋಗೋಕೆ?"

ಕಾವಲುಗಾರ ನಕ್ಕ. ಹೆಂಗಸರು ನಗಲಿಲ್ಲ. ಆ ದಂಡೆಯ ಮಣ್ಣು ಯಾರೊಬ್ಬರದೂ ಆಗಿರಲಿಲ್ಲ. ಹೊಳೆಯ ಈಚೆಯ ಕಾಬುಯಾ, ಆಚೆಯ ಕಾರುವೊ, ಎರಡೂ ಊರಿನ ಹೆಂಗಸರು ಅವರ ಅಜ್ಜಿಯರ ಕಾಲದಿಂದ ಅದೇ ಮಣ್ಣಿನಲ್ಲಿ ನೀರಿನ ಹೂಜಿ, ಸಾರಿನ ಗಡಿಗೆ ಮಾಡಿ ಸಂತೆಯಲ್ಲಿ ಮಾರಿ ಮಕ್ಕಳನ್ನು ಸಾಕಿದ್ದರು. ಅಗೋಲಾ ಹುಟ್ಟಿದ್ದು ಆಚೆ, ಮದುವೆಯಾಗಿ ಬಂದದ್ದು ಈಚೆ. ಅವಳ ತಾಯಿ ಅಬೊನ್ಯೊ ಬದುಕಿದ್ದಷ್ಟು ಕಾಲ ತಾಯಿ ಆ ಕಡೆಯಿಂದ, ಮಗಳು ಈ ಕಡೆಯಿಂದ ಬುಟ್ಟಿ ಹೊತ್ತು ಇಳಿದು ಬಂದು ಮಂಗಳವಾರ ಮಂಗಳವಾರ ಅಲ್ಲೇ ಕಲೆಯುತ್ತಿದ್ದರು.

ಅಗೋಲಾಳ ಗಂಡ ಒಬಿಯೆರೊ ಆ ಭಾಗದ ಉಪಮುಖ್ಯಸ್ಥ. ಇಪ್ಪತ್ತೆರಡು ವರ್ಷದಿಂದ ಖಾಕಿ ತೊಟ್ಟು ಸರ್ಕಾರದ ಮಾತನ್ನು ಊರಿಗೆ ಹೇಳುತ್ತ ಬಂದವನು. ಜನ ಅವನನ್ನು ಚೀಫ್ ಅಂತಲೇ ಕರೆಯುತ್ತಿದ್ದರು. ಕೆಟ್ಟವನಲ್ಲ, ಆದರೆ ಮೇಲಿನವರು ಕೆಮ್ಮಿದರೆ ಎದ್ದು ನಿಲ್ಲುವ ಪೈಕಿ. ಆ ಸಂಜೆ ಊಟಕ್ಕೆ ಕುಳಿತಾಗ ಅಗೋಲಾ, ಎಂದಿನಂತೆ ಮಗಳ ಹೆಸರು ಹಿಡಿದು ಅವನನ್ನು ಕರೆದು, ಗೂಟದ ಸುದ್ದಿ ತೆಗೆದಳು.

"ಅಕಿನ್ಯಿ ಅಪ್ಪಾ, ಸಭೆ ಆಯ್ತಂತೆ. ಯಾವಾಗ ಆಯ್ತು?"

ಒಬಿಯೆರೊ ಮುದ್ದೆ ಮುರಿಯುತ್ತಿದ್ದ. "ಮೇಲಿನೋರು ಏನು ಮಾಡ್ತಾರೋ. ನಂಗೆಲ್ಲಿ ಹೇಳಿ ಮಾಡ್ತಾರೆ," ಅಂದು ತಟ್ಟೆಯ ಮೀನಿನ ಮುಳ್ಳು ಹುಡುಕತೊಡಗಿದ. ಒಮೆನಾ ಅಂದರೆ ಬೆರಳುದ್ದದ ಮೀನು. ಅದರ ಮುಳ್ಳನ್ನು ಯಾರೂ ಹುಡುಕಿ ತೆಗೆಯುವುದಿಲ್ಲ. ಅಗೋಲಾ ಅದನ್ನು ಕಂಡಳು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹೆಂಗಸರು ಸುಮ್ಮನಿರಲಿಲ್ಲ. ಕಿಸುಮು ಪಟ್ಟಣದಲ್ಲಿ ಬಡವರ ಕೇಸು ನಡೆಸುವ ನಾಸಿಮಿಯು ಎಂಬ ವಕೀಲೆ ಇದ್ದಾಳೆಂದು ಚರ್ಚಿನಲ್ಲಿ ಯಾರೋ ಹೇಳಿದರು. ಅಗೋಲಾ, ಅಪೊಂಡಿ ಇಬ್ಬರೂ ಮಟಾಟು ವ್ಯಾನು ಹತ್ತಿ ಹೋದರು. ನಾಸಿಮಿಯು ಇನ್ನೂ ಮೂವತ್ತು ದಾಟದವಳು. ಎರಡು ಫೋನು, ಮೇಜಿನ ತುಂಬ ಕಡತ. ಹಿರಿಯರು ಬಂದರೆಂದು ತನ್ನ ಕುರ್ಚಿಯನ್ನೇ ಅಪೊಂಡಿಗೆ ಬಿಟ್ಟುಕೊಟ್ಟು, ತಾನು ಕಡತಗಳ ಪೆಟ್ಟಿಗೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಳು.

"ಅಮ್ಮಾ, ಊರಿನ ಮಣ್ಣು ತೆಗೀಬೇಕಾದ್ರೆ ಊರನ್ನ ಕೇಳಬೇಕು ಅಂತ ಕಾನೂನೇ ಇದೆ," ಅಂದಳು. "ಮುಂಚೆನೇ ತಿಳಿಸಬೇಕು, ನಿಮ್ಮ ಭಾಷೇಲಿ ವಿವರಿಸಬೇಕು, ನೀವು ಹೇಳಿದ್ದನ್ನ ಬರ್ಕೋಬೇಕು. ಕೇಳಿದ್ವಿ ಅಂತಾರಾ? ಹಾಗಾದ್ರೆ ಕಾಗದ ತೋರಿಸಿ ಅನ್ನೋಣ. ಕೇಳೋ ಹಕ್ಕು ನಿಮಗಿದೆ. ಕೊಡಲ್ಲ ಅನ್ನೋ ಹಕ್ಕು ಅವರಿಗಿಲ್ಲ."

"ಕೊಡದೇ ಇದ್ರೆ?"

"ಇನ್ನೊಂದ್ಸಲ ಕೇಳೋಣ."

ಮೂರು ಸಲ ಕೇಳಬೇಕಾಯಿತು. ಐದು ವಾರ ಹಿಡಿಯಿತು. ಅಷ್ಟರಲ್ಲಿ ನಾಸಿಮಿಯು ಪರಿಸರ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿ, ತೀರ್ಪು ಬರುವವರೆಗೆ ಯಂತ್ರ ಇಳಿಸಕೂಡದೆಂದು ತಡೆ ತಂದಿದ್ದಳು. ಕೊನೆಗೆ ಕಾಗದ ಬಂದಾಗ ತಾನೇ ಬಸ್ಸು ಹಿಡಿದು ಕಾಬುಯಾಕ್ಕೆ ಬಂದು, ಅಪೊಂಡಿಯ ಅಂಗಳದಲ್ಲಿ ಚಾಪೆಯ ಮೇಲೆ ಹರಡಿದಳು. ದಪ್ಪ ವರದಿ. ಅದರ ಹಿಂದೆ ಮೂರು ಪುಟದ ಪಟ್ಟಿ: ಸಭೆಗೆ ಬಂದು ಒಪ್ಪಿಗೆ ಕೊಟ್ಟವರು. ನಲವತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ನೇರಳೆ ಶಾಯಿಯ ಹೆಬ್ಬೆಟ್ಟು.

ಅಗೋಲಾ ಗಟ್ಟಿಯಾಗಿ ಓದುತ್ತ ಹೋದಳು. ಒಂದೊಂದು ಹೆಸರಿಗೂ ಒಬ್ಬೊಬ್ಬಳು "ನಾನಿಲ್ಲ", "ನಾನೂ ಇಲ್ಲ" ಎನ್ನುತ್ತ ಬಂದಳು. ಒಂಬತ್ತನೆಯದು ಅಗೋಲಾಳದೇ ಹೆಸರು. ಹದಿನಾಲ್ಕನೆಯದಕ್ಕೆ ಬಂದಾಗ ಅವಳ ಧ್ವನಿ ನಿಂತಿತು.

"ಯಾಕೆ, ಓದು," ಅಂದಳು ಅಪೊಂಡಿ.

"ಅಬೊನ್ಯೊ."

ಅಬೊನ್ಯೊ ಸತ್ತು ಮೂರು ವರ್ಷವಾಗಿತ್ತು.

"ಮಣ್ಣಲ್ಲಿ ಮಲಗಿದೋಳನ್ನೂ ಎಬ್ಬಿಸಿ ಸಹಿ ಹಾಕಿಸಿದಾರೆ," ಅಂದಳು ಅಪೊಂಡಿ ಮೆಲ್ಲಗೆ. "ಪುಣ್ಯಾತ್ಮರು. ಬಂದೋಳಿಗೆ ಚಹಾನಾದ್ರೂ ಕೊಟ್ರೋ ಇಲ್ವೋ."

ಅಗೋಲಾ ಹಾಳೆಯನ್ನು ಹತ್ತಿರ ಹಿಡಿದಳು. ಉಳಿದ ಗುರುತುಗಳೆಲ್ಲ ಹಿಸುಕಿ, ಕದಡಿ, ಬರೀ ಶಾಯಿಯ ಮುದ್ದೆಯಾಗಿದ್ದವು. ತಾಯಿಯ ಹೆಸರಿನ ಮುಂದಿನದೊಂದೇ ಸ್ವಚ್ಛವಾಗಿ, ಗೆರೆ ಗೆರೆಯೂ ಎಣಿಸುವಷ್ಟು ತಿಳಿಯಾಗಿ ಮೂಡಿತ್ತು. ಆ ಗೆರೆಗಳನ್ನು ಓರೆಯಾಗಿ ಸೀಳಿದ ಒಂದು ಬಿಳಿ ಗಾಯ. ಗಾಯದ ತುದಿ ಕೊಕ್ಕರೆಯ ಪಾದದಂತೆ ಮೂರಾಗಿ ಒಡೆದಿತ್ತು.

ಆ ಗಾಯ ಅವಳಿಗೆ ಗೊತ್ತು. ಮದುವೆಯಾದ ಎರಡನೇ ವರ್ಷ ಒಬಿಯೆರೊ ಮಾಡಿಗೆ ತಗಡು ಹೊದಿಸುವಾಗ ಬಲಗೈ ಹೆಬ್ಬೆರಳು ಸೀಳಿಹೋಗಿತ್ತು. ತಿಂಗಳುಗಟ್ಟಲೆ ಬಿಸಿನೀರಲ್ಲಿ ತೊಳೆದು ಬಟ್ಟೆ ಸುತ್ತಿದವಳು ಅವಳೇ. ಆಮೇಲೆ ಹಸಿ ಮಡಕೆಯನ್ನು ಬಿಸಿಲಿಗೆ ಎತ್ತಿಡಲು ಅವನು ಕೈ ಕೊಟ್ಟಾಗಲೆಲ್ಲ ಮಡಕೆಯ ಕತ್ತಿನ ಮೇಲೆ ಅದೇ ಕೊಕ್ಕರೆಯ ಪಾದ ಬೀಳುತ್ತಿತ್ತು. ಅವಳು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಇದೆಲ್ಲ ಒಬ್ಬರೇ ಒತ್ತಿದ ಹಾಗಿದೆ," ಅಂದಳು ನಾಸಿಮಿಯು. "ಆದ್ರೆ ಯಾರದು ಅಂತ ಗೊತ್ತಾಗದೆ ಹೋಲಿಸಿ ನೋಡೋಕಾಗಲ್ಲ. ವಿಚಾರಣೆಗೆ ಇನ್ನು ಮೂರೇ ವಾರ. ಯಾರ ಮೇಲಾದ್ರೂ ಅನುಮಾನ ಇದ್ಯಾ ಅಮ್ಮಾ?"

"ಇಲ್ಲ," ಅಂದಳು ಅಗೋಲಾ. ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟಳು.

ಮನೆಗೆ ಬಂದವಳು ತಗಡಿನ ಪೆಟ್ಟಿಗೆ ತೆರೆದು ಮಡಕೆ ಸಂಘದ ಹಾಜರಿ ಪುಸ್ತಕ ತೆಗೆದಳು. ಅದನ್ನು ಬರೆಯುತ್ತಿದ್ದವಳು ಅವಳೇ. ಅದರಲ್ಲಿ ನಲವತ್ತೊಂದು ಹೆಸರಿದ್ದವು, ಪಟ್ಟಿಯಲ್ಲಿದ್ದ ಕ್ರಮದಲ್ಲೇ. ಹದಿನಾಲ್ಕನೆಯದು ತಾಯಿಯದು. ಮೂರು ವರ್ಷದಿಂದ ಆ ಹೆಸರಿನ ಮೇಲೆ ಗೆರೆ ಎಳೆಯಬೇಕೆಂದು ಅಂದುಕೊಂಡಿದ್ದಳು. ಪೆನ್ನು ಹಿಡಿದಾಗಲೆಲ್ಲ ಕೈ ಬಂದಿರಲಿಲ್ಲ.

ಅದಾದ ಮೇಲೆ ಹತ್ತು ದಿನ ಅವಳು ಏನೂ ಹೇಳಲಿಲ್ಲ. ಅವನ ಖಾಕಿ ಒಗೆದಳು, ಇಸ್ತ್ರಿ ಹಾಕಿದಳು, ಬೆಳಗ್ಗೆ ಗಂಜಿ ಕಾಯಿಸಿದಳು. ಸಿಟ್ಟು ಬರುತ್ತಿತ್ತು; ಎದುರಿಗೆ ಅವನ ಮುಖ ಕಂಡೊಡನೆ ಇನ್ನೇನೋ ಬರುತ್ತಿತ್ತು. ಅವನು ಸೊರಗಿದ್ದ. ಮುಂಚೆ ದಾರಿಯುದ್ದಕ್ಕೂ ಜನರನ್ನು ನಿಲ್ಲಿಸಿ ಮಾತಾಡಿಸುತ್ತ ಬರುತ್ತಿದ್ದವನು ಈಗ ಹಿತ್ತಲ ಕಡೆಯಿಂದ ಮನೆ ಸೇರುತ್ತಿದ್ದ. ಅವನೇ ಬಾಯಿ ಬಿಡಲಿ ಎಂದು ಕಾದಳು. ಅವನು ಬಿಡಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಅವಳು ಮಾವಿನ ಮರದ ಕೆಳಗೆ ಮಣ್ಣು ಹದ ಮಾಡುತ್ತ ಕುಳಿತಳು. ಗೂಟ ನೆಡುವ ಮೊದಲು ತಂದಿಟ್ಟಿದ್ದ ಮಣ್ಣು ಅದು, ಇನ್ನು ಎರಡು ಮಡಕೆಗೆ ಸಾಲುವಷ್ಟು. ಒಬಿಯೆರೊ ಅಲ್ಲೇ ಸ್ಟೂಲಿನ ಮೇಲೆ ರೇಡಿಯೊ ಕೇಳುತ್ತಿದ್ದ. ಅವಳು ಅಂಗೈಯಗಲದ ಮಣ್ಣು ತಟ್ಟಿ ಅವನ ಮೊಣಕಾಲ ಮೇಲೆ ಹಲಗೆಯಿಟ್ಟು ಅದರ ಮೇಲಿಟ್ಟಳು.

"ಒತ್ತಿ," ಅಂದಳು.

"ಏನಿದು?"

"ಹೆಬ್ಬೆರಳು. ಬಲಗೈದು."

ಅವನು ಅವಳ ಮುಖ ನೋಡಿದ. ಆಮೇಲೆ ರೇಡಿಯೊ ಆರಿಸಿ, ಒತ್ತಿದ. ಬೆರಳೆತ್ತಿದ ಮೇಲೆ ಇಬ್ಬರೂ ಆ ಗುರುತನ್ನು ನೋಡುತ್ತ ಕುಳಿತರು. ಪಕ್ಕದ ಮನೆಯ ಕೋಳಿಗಳು ಬಂದು ಮಣ್ಣು ಕೆದಕಿ ಹೋದವು.

"ಯಾವಾಗ ಗೊತ್ತಾಯ್ತು ನಿಂಗೆ?"

"ಕಾಗದ ಬಂದ ದಿನ."

"ಎಲ್ಲಾ ಕದಡಿಹೋಗೋ ಹಾಗೇ ಒತ್ತಿದ್ದೆ."

"ಒಂದು ಕದಡಿರ್ಲಿಲ್ಲ. ಅಮ್ಮನ್ದು."

ಒಬಿಯೆರೊ ತಲೆ ತಗ್ಗಿಸಿದ. ಆ ನಾಡಿನಲ್ಲಿ ಅಳಿಯನಾದವನು ಅತ್ತೆಯ ಮುಂದೆ ಉಣ್ಣುವುದಿಲ್ಲ, ಅವಳ ಕೈ ಮುಟ್ಟುವುದಿಲ್ಲ, ಅವಳ ಹೆಸರು ಬಾಯಲ್ಲಿ ತರುವುದಿಲ್ಲ. ಅಬೊನ್ಯೊ ಬದುಕಿದ್ದಾಗ ಅವಳು ಎದುರು ಬಂದರೆ ಅವನು ದಾರಿ ಬಿಟ್ಟು ಹೊಲಕ್ಕಿಳಿಯುತ್ತಿದ್ದ.

"ಸಾಹೇಬರು ಕರೆಸಿದ್ರು," ಅಂದ ಕೊನೆಗೆ. "ಸಭೆ ಹೋದ ತಿಂಗಳೇ ಆಗಿರಬೇಕಿತ್ತು, ಆಗಿಲ್ಲ, ಶುಕ್ರವಾರದೊಳಗೆ ಪಟ್ಟಿ ಬೇಕು ಅಂದ್ರು. ಬರೀ ಕಾಗದ ಕಣಯ್ಯಾ, ಕಾರ್ಖಾನೆ ಹೇಗಿದ್ರೂ ಬರುತ್ತೆ, ನಿನಗೆ ನಿವೃತ್ತಿಗೆ ಇನ್ನೆರಡು ವರ್ಷ ಅಷ್ಟೇ ಇರೋದು ಅಂದ್ರು. ಇನ್ನೇನೂ ಅನ್ನಲಿಲ್ಲ. ಅಷ್ಟು ಸಾಕಾಯ್ತು ನಂಗೆ. ನೀನು ಸಂತೆಗೆ ಹೋದ ದಿನ ನಿನ್ನ ಪುಸ್ತಕ ನೋಡಿ ಬರ್ಕೊಂಡೆ. ಬರೀತಾ ಬರೀತಾ ಕೈ ಓಡ್ತಾ ಇತ್ತು, ಆ ಹೆಸರು ಬಂದಿದ್ದು ಬರೆದ್ಮೇಲೇ ಕಂಡಿದ್ದು. ಹೊಡೆದುಹಾಕಿದ್ರೆ ಹಾಳೆ ಕೆಡುತ್ತೆ ಅನ್ಕೊಂಡೆ."

"ಮತ್ತೆ ಅದೊಂದೇ ಯಾಕೆ ಅಷ್ಟು ತಿಳಿಯಾಗಿತ್ತು?"

ಅವನು ಹೆಬ್ಬೆರಳಿನ ಮಣ್ಣು ಒರೆಸಿಕೊಂಡ. ಆಮೇಲೆ, "ಅದಕ್ಕೆ ಮುಂಚೆ ಕೈ ತೊಳ್ಕೊಂಡೆ. ಸೋಪು ಹಾಕಿ. ಕೊಳಕು ಕೈಯಲ್ಲಿ ಅವರ ಹೆಸರಿನ ಹತ್ರ ಹೋಗೋಕೆ ಮನಸ್ಸಾಗಲಿಲ್ಲ," ಅಂದ.

ಹತ್ತು ದಿನ ಕಟ್ಟಿಟ್ಟುಕೊಂಡಿದ್ದ ಅಳು ಅಗೋಲಾಳಿಗೆ ಆಗ ಬಂತು. ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಎಂಥ ಗಂಡಸು ಇವನು, ಸುಳ್ಳು ಹೆಬ್ಬೆಟ್ಟು ಒತ್ತುವುದಕ್ಕೆ ಮಡಿಯಾಗಿ ಬಂದವನು. ಬೈಯಲೂ ಆಗಲಿಲ್ಲ, ಕ್ಷಮಿಸಿದೆ ಅನ್ನಲೂ ಆಗಲಿಲ್ಲ.

"ವಕೀಲೆ ಕೇಳಿದ್ಲು, ಯಾರದು ಅಂತ," ಅಂದಳು ಕಣ್ಣೊರೆಸಿಕೊಂಡು. "ಗೊತ್ತಿಲ್ಲ ಅಂದೆ. ಇನ್ನು ಮುಂದೂ ನನ್ನ ಬಾಯಿಂದ ಬರಲ್ಲ. ನೀವು ಹೇಳಿದ್ರೆ ಹೇಳಿ, ಬಿಟ್ರೆ ಬಿಡಿ. ಆದ್ರೆ ಬೆಳಗಾದ್ರೆ ಆ ಹೆಂಗಸರ ಮುಖ ನೋಡಬೇಕಲ್ಲ ನಾನು, ಅದನ್ನ ಹೇಗೆ ನೋಡ್ಲಿ ಅನ್ನೋದನ್ನ ನೀವೇ ಹೇಳ್ಕೊಡಿ."

"ನೌಕರಿ ಹೋಗುತ್ತೆ, ಕಾರುವೊದ ಮಗಳೇ. ಪಿಂಚಣಿನೂ ಹೋಗಬಹುದು."

"ಹೋಗಬಹುದು."

"ಆಮೇಲೆ ಊಟಕ್ಕೆ?"

"ನಾನೇನು ಇಷ್ಟು ವರ್ಷ ಮಡಕೆ ಮಾಡಿದ್ದು ಕೈಗೆ ವ್ಯಾಯಾಮ ಆಗ್ಲಿ ಅಂತಾನಾ?"

ಅವನಿಗೆ ನಗು ಬರಲಿಲ್ಲ. ಆದರೆ ಭುಜ ಸ್ವಲ್ಪ ಇಳಿಯಿತು. ಮೂರು ದಿನ ಅವನು ತನ್ನಷ್ಟಕ್ಕೆ ತಾನಿದ್ದ. ನಾಲ್ಕನೆಯ ದಿನ ಬೆಳಗ್ಗೆ ಖಾಕಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು, ಒಲೆಯ ಮುಂದೆ ಬಂದು ನಿಂತ. "ಕಿಸುಮುವಿಗೆ ಹೋಗೋ ಗಾಡಿ ಎಷ್ಟೊತ್ತಿಗೆ? ಆ ವಕೀಲೆ ಆಫೀಸು ನಂಗೆ ಗೊತ್ತಿಲ್ಲ. ನೀನೂ ಬಾ."

ನಾಸಿಮಿಯು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಬರೆದ ಮೇಲೆ ಪೆನ್ನು ಕೆಳಗಿಟ್ಟು, "ಅಪ್ಪಾ, ಇದಕ್ಕೆ ಸಹಿ ಹಾಕಿದ್ರೆ ನಿಮ್ಮ ಮೇಲೇ ಕೇಸು ಆಗಬಹುದು. ನಾನು ನಿಮ್ಮ ವಕೀಲೆ ಅಲ್ಲ, ಇವರ ವಕೀಲೆ. ಮನೆಗೆ ಹೋಗಿ ಯೋಚಿಸಿ ಬನ್ನಿ," ಅಂದಳು. ಅವನು ಯೋಚಿಸಿಯೇ ಬಂದಿದ್ದೇನೆ ಅಂದ. ನಾಸಿಮಿಯು ಅಗೋಲಾಳ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾಗದವನ್ನು ಅವನ ಮುಂದೆ ಸರಿಸಿದಳು.

ವಿಚಾರಣೆಯ ದಿನ ಎರಡೂ ಊರಿನ ಹೆಂಗಸರು ಮಿನಿಬಸ್ಸು ಮಾಡಿಕೊಂಡು ಕಿಸುಮುವಿಗೆ ಬಂದರು. ಹಿಂದಿನ ಸಂಜೆಯೇ ಅಗೋಲಾ ಅಪೊಂಡಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿಬಂದಿದ್ದಳು; ಹಾಗಾಗಿ ಎಲ್ಲರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಯಾರೂ ಒಬಿಯೆರೊನ ಪಕ್ಕ ಕೂರಲಿಲ್ಲ. ಖಾಕಿ ಬಿಟ್ಟು ಬೇರೆ ಬಟ್ಟೆ ಹಾಕಿಕೊಳ್ಳಿ ಎಂದು ಅಗೋಲಾ ಹೇಳಿದ್ದಳು. "ಇದನ್ನ ಹಾಕ್ಕೊಂಡೇ ಮಾಡಿದ್ದು. ಇದನ್ನ ಹಾಕ್ಕೊಂಡೇ ಹೇಳ್ತೀನಿ," ಅಂದಿದ್ದ.

ಮಂಡಳಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ಬೆಳ್ಳಿಗೂದಲಿನವರು, ಅದೇ ಸೀಮೆಯವರು. ಒಬಿಯೆರೊ ನಿಂತುಕೊಂಡು ಎಲ್ಲವನ್ನೂ ಹೇಳಿದ: ಯಾವ ಅಧಿಕಾರಿ ಕರೆಸಿದ್ದು, ಯಾವ ದಿನ, ಪುಸ್ತಕ ಎಲ್ಲಿತ್ತು, ಶಾಯಿ ಎಲ್ಲಿಂದ ತಂದದ್ದು. ಸಭೆ ನಡೆದೇ ಇಲ್ಲ ಅಂದ. ಕಂಪನಿಯ ವಕೀಲ ನೈರೋಬಿಯಿಂದ ಬಂದವನು, ಚುರುಕಿನ ಮನುಷ್ಯ. ಹೆಂಡತಿಗಾಗಿ ಕಟ್ಟಿದ ಕಥೆ ಇದು ಎಂದು ತೋರಿಸಲು ಹೊರಟ. ಪಟ್ಟಿಯ ಹೆಸರುಗಳನ್ನು ನೆನಪಿನಿಂದ ಒಂದೊಂದಾಗಿ ಹೇಳಿಸಿದ; ಹದಿಮೂರರವರೆಗೆ ಒಬಿಯೆರೊ ತಡೆಯದೆ ಹೇಳಿದ.

"ನೀವೇ ಬರೆದಿದ್ದು ಅಂತೀರಿ. ಹಾಗಾದ್ರೆ ಹದಿನಾಲ್ಕನೇ ಹೆಸರು ಯಾರದು, ಹೇಳಿ ನೋಡೋಣ."

ಒಬಿಯೆರೊ ಸುಮ್ಮನೆ ನಿಂತ.

"ಹದಿಮೂರನೇದನ್ನ ಹೇಳಿದ್ರಿ. ಹದಿನಾಲ್ಕು ಮರೆತುಹೋಯ್ತಾ?"

ಅವನು ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಸಾಕ್ಷಿ ಉತ್ತರ ಕೊಡ್ತಿಲ್ಲ ಅಂತ ಬರ್ಕೋಬೇಕು," ಅಂದ ವಕೀಲ.

ಅಧ್ಯಕ್ಷೆ ಪಟ್ಟಿಯ ಮೇಲೆ ಕಣ್ಣಾಡಿಸಿ, ಕನ್ನಡಕ ತೆಗೆದರು. "ಆ ಹೆಸರಿನೋರು ನಿಮಗೇನಾಗಬೇಕು?"

"ನನ್ನ ಮಕ್ಕಳ ತಾಯಿಗೆ ತಾಯಿ. ಹೋಗಿ ಮೂರು ವರ್ಷ ಆಯ್ತು. ಮಣ್ಣು ಮಾಡೋ ದಿನ ಅಳಿಯ ಕೊಡಬೇಕಾದ ಹೋರಿ ಹೊಡ್ಕೊಂಡು ಹೋಗಿದ್ದೆ."

"ಹಾಗಾದ್ರೆ ಇವರು ಉತ್ತರ ಕೊಡ್ತಿಲ್ಲ ಅಂತ ಬರ್ಕೊಳ್ಳೋದು ಬೇಡ," ಅಂದರು ಅಧ್ಯಕ್ಷೆ. "ಅಳಿಯ ಆ ಹೆಸರು ಹೇಳೋ ಹಾಗಿಲ್ಲ ಅಂತ ಬರ್ಕೊಳ್ಳಿ. ಹೇಳಬಹುದಾದೋರು ಯಾರಾದ್ರೂ ಇದ್ದೀರಾ?"

ಅಗೋಲಾ ಎದ್ದು ನಿಂತಳು. "ಅಬೊನ್ಯೊ," ಅಂದಳು. "ನಮ್ಮಮ್ಮ. ಆ ದಂಡೆ ಮಣ್ಣು ಹೇಗೆ ನಾದಬೇಕು ಅಂತ ನಮ್ಮ ಎರಡೂ ಊರಿನ ಅರ್ಧ ಹೆಂಗಸರಿಗೆ ಕಲಿಸಿದೋಳು. ಬದುಕಿದ್ದಿದ್ರೆ ಸಭೆಗೆ ಖಂಡಿತ ಬರ್ತಿದ್ಲು. ಒಪ್ಪಿಗೆ ಮಾತ್ರ ಕೊಡ್ತಿರಲಿಲ್ಲ."

ಅವಳು ಕುಳಿತಳು.

ತೀರ್ಪು ಬಂದದ್ದು ಆರು ವಾರಕ್ಕೆ. ಪರವಾನಗಿ ರದ್ದು. ಕಾರ್ಖಾನೆ ಬೇಕೇ ಬೇಕೆಂದರೆ ಇಲಾಖೆ ಮೊದಲಿನಿಂದ ಶುರುಮಾಡಬೇಕು: ಒಂದು ತಿಂಗಳು ಮುಂಚೆ ಸಂತೆಯಲ್ಲೂ ಚರ್ಚುಗಳಲ್ಲೂ ಓದಿ ಹೇಳಬೇಕು, ಸಭೆ ಕಾಬುಯಾದಲ್ಲೇ, ಜನರ ಭಾಷೆಯಲ್ಲೇ ಆಗಬೇಕು. ಪಟ್ಟಿ ತರಿಸಿದ ಅಧಿಕಾರಿಯ ಮೇಲೆ ವಿಚಾರಣೆಗೆ ಆದೇಶವಾಯಿತು. ಅವನನ್ನು ದೂರದ ಬಿಸಿಲ ನಾಡಿಗೆ ಎತ್ತಿ ಹಾಕಿದರು, ವಿಚಾರಣೆ ಇನ್ನೂ ಎಳೆಯುತ್ತಲೇ ಇದೆ. ಒಬಿಯೆರೊನ ವಿಚಾರಣೆ ಎಳೆಯಲಿಲ್ಲ. ಎರಡೇ ತಿಂಗಳಿಗೆ ಅವನ ಖಾಕಿಯನ್ನು ವಾಪಸ್ಸು ತೆಗೆದುಕೊಂಡರು. ಸತ್ಯ ಹೇಳಿದನೆಂದು ಜೈಲು ತಪ್ಪಿಸಿ, ಪಿಂಚಣಿಯಲ್ಲಿ ಅರ್ಧ ಉಳಿಸಿದರು.

ಅವನು ಮಾಡಿದ ಮೊದಲ ಕೆಲಸ, ಒಂದು ಹೆಣ್ಣು ಮೇಕೆ ಹಿಡಿದುಕೊಂಡು ಹೊಳೆ ದಾಟಿ ಕಾರುವೊಗೆ ಹೋದದ್ದು. ಅಗೋಲಾಳ ಅಣ್ಣ ಅಂಗಳದಲ್ಲೇ ಅವನನ್ನು ನಿಲ್ಲಿಸಿದ. ಅತ್ತೆಯ ಸಮಾಧಿ ಕಾಣುವಷ್ಟು ದೂರದಲ್ಲಿ, ಹತ್ತಿರ ಹೋಗದೆ, ಒಬಿಯೆರೊ ಟೋಪಿಯಿಲ್ಲದ ತಲೆ ತಗ್ಗಿಸಿ ನಿಂತ. "ತಪ್ಪಾಯ್ತು, ಅಮ್ಮಾ" ಅಂದದ್ದು ಬಿಟ್ಟು ಬೇರೇನೂ ಅವನಿಗೆ ಬರಲಿಲ್ಲ. ಆಮೇಲೆ ಅಣ್ಣ ಮೇಕೆಯ ಹಗ್ಗ ಕೈಗೆ ತೆಗೆದುಕೊಂಡ.

ನಿಜವಾದ ಸಭೆ ಡಿಸೆಂಬರ್‌ನಲ್ಲಿ ಶಾಲೆಯ ಮೈದಾನದಲ್ಲಿ ಆಯಿತು. ಒಂದೇ ದಿನ ಎಂದುಕೊಂಡದ್ದು ಎರಡು ದಿನ ನಡೆಯಿತು. ಎಲ್ಲರೂ ಒಂದೇ ಮಾತಾಡಿದರು ಎಂದೇನಿಲ್ಲ. ಹುಡುಗರು ಕೆಲಸ ಬೇಕು ಅಂದರು. ಒಬ್ಬ ಮೇಷ್ಟರು ಹೊಳೆಯ ನೀರು ಏನಾಗುತ್ತದೆ ಎಂದು ಕೇಳಿ, ಉತ್ತರ ಸರಿಯಿಲ್ಲವೆಂದು ಮತ್ತೆ ಎದ್ದು ಕೇಳಿದ. ಅಪೊಂಡಿ ಮೂರು ಸಲ ಮಾತಾಡಿದಳು. ಮೂರನೆಯ ಸಲ ಅಧಿಕಾರಿಗೆ ಹೆಂಚಿನ ಮಣ್ಣಿಗೂ ಮಡಕೆಯ ಮಣ್ಣಿಗೂ ಇರುವ ವ್ಯತ್ಯಾಸ ಹೇಳಿಕೊಟ್ಟಳು. "ನಿಮ್ಮ ಹೆಂಚಿಗೆ ಗುಡ್ಡದ ಕೆಂಪು ಮಣ್ಣೇ ಸಾಕು ಮಗಾ. ಇದು ನೀರು ತಣ್ಣಗಿಡೋ ಮಣ್ಣು. ಇದನ್ನ ಮಾಡಿನ ಮೇಲೆ ಹಾಕ್ತೀನಿ ಅನ್ನೋನು ಹಾಲಲ್ಲಿ ನೆಲ ಒರೆಸೋನು." ಆ ಅಧಿಕಾರಿ ನಗುತ್ತಲೇ ಅದನ್ನು ಬರೆದುಕೊಂಡ. ಬರೆದುಕೊಂಡದ್ದನ್ನು ಎದ್ದು ನಿಂತು ಗಟ್ಟಿಯಾಗಿ ಓದಿ ಹೇಳಿ ಎಂದು ಅಗೋಲಾ ಪಟ್ಟು ಹಿಡಿದಳು. ಅವನು ಓದಿದ. ಕಾರ್ಖಾನೆ ಗುಡ್ಡದ ಕಡೆ ಸರಿಯಬಹುದೇ ಎಂದು ನೋಡುವುದು, ಅಲ್ಲಿಯವರೆಗೆ ದಂಡೆಗೆ ಕೈ ಹಚ್ಚಬಾರದು ಎಂಬಲ್ಲಿಗೆ ಮಾತು ನಿಂತಿತು.

ಎರಡು ದಿನವೂ ಒಬಿಯೆರೊ ಕೊನೆಯ ಬೆಂಚಿನಲ್ಲಿ ಒಬ್ಬನೇ ಕುಳಿತಿದ್ದ. ಎರಡನೆಯ ದಿನ ಮಧ್ಯಾಹ್ನ ಅಪೊಂಡಿ ಹುರಿದ ಕಡಲೆಕಾಯಿಯ ಪೊಟ್ಟಣ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು.

"ನೀನೇ ಅಗಿ ಮಾರಾಯಾ, ನಂಗೆ ಹಲ್ಲಿಲ್ಲ," ಅಂದು ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟಳು.

ಸಂಜೆ ಗಂಡ ಹೆಂಡತಿ ಮೈದಾನ ದಾಟಿ ಮನೆಯ ದಾರಿ ಹಿಡಿದರು. ಸ್ವಲ್ಪ ದೂರ ನಡೆದ ಮೇಲೆ ಒಬಿಯೆರೊ ಅಂದ: "ಇಪ್ಪತ್ತೆರಡು ವರ್ಷ ಇದೇ ಮೈದಾನದಲ್ಲಿ ಸಭೆ ಕರೆದಿದೀನಿ. ಈ ಜನಕ್ಕೆ ಹೇಳೋಕೆ ಇಷ್ಟೆಲ್ಲ ಇತ್ತು ಅಂತ ಗೊತ್ತೇ ಇರ್ಲಿಲ್ಲ."

"ನೀವು ಮಾತು ನಿಲ್ಲಿಸಿದ್ರೆ ತಾನೇ," ಅಂದಳು ಅಗೋಲಾ.

ಅವನು ನಕ್ಕ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ದಾರಿಯಲ್ಲಿ ಎದುರಾದ ಮುದುಕನೊಬ್ಬ ಅಭ್ಯಾಸಬಲದಿಂದ "ಏನು ಚೀಫ್, ಕ್ಷೇಮವಾ?" ಅಂದು, ಆಮೇಲೆ ತಪ್ಪಾಯಿತೇನೋ ಎಂದು ತಡವರಿಸಿದ. ಒಬಿಯೆರೊ ನಿಂತು ಅವನ ಕೈ ಕುಲುಕಿ, ಮನೆಯವರನ್ನೆಲ್ಲ ಹೆಸರು ಹಿಡಿದು ವಿಚಾರಿಸಿದ. ಅಗೋಲಾ ಆತುರಪಡಿಸದೆ, ದಾರಿಯ ಬದಿಯಲ್ಲಿ ಅವನಿಗಾಗಿ ಕಾದು ನಿಂತಳು.